ನಲವತ್ತೆಂಟು ಖಾಲಿ ಹಾಳಿಗಳ ಬಗ್ಗೆ ಪ್ಲಾನರ್ ಸಾಹೇಬರಿಗೆ

ಇವರಿಗೆ,
ಶ್ರೀಮಾನ್ ಪ್ಲಾನರ್ ಸಾಹೇಬರು,
ಮುಕ್ಕಾಂ: ನಮ್ಮ ಸೊಸೆಯ ಟೇಬಲ್ಲು, ಕಿಡಕಿಯ ಬಾಜೂಕ, ಉಮರ್ಗಾ.

ಮಾನ್ಯರೇ,

ತಮ್ಮ ಗುಲಾಬಿ ರಟ್ಟಿಗೂ, ರಟ್ಟಿನ ಮೇಲಿನ ಬಂಗಾರದ ಅಕ್ಷರಗಳಿಗೂ, ನಡುವೆ ಇಳಿಬಿದ್ದ ತಮ್ಮ ರೇಷ್ಮೆ ರಿಬ್ಬನ್ನಿಗೂ ಉಮರ್ಗಾದ ತುಳಜಾಬಾಯಿ ಕಲ್ಯಾಣಪ್ಪ ಇವಳು ಬಾಗಿ ಮಾಡುವ ಶರಣು ಶರಣಾರ್ಥಿಗಳು. ಇತ್ತ ನಾವೆಲ್ಲ ಕ್ಷೇಮವಾಗಿದ್ದೇವೆ. ಅತ್ತ ತಾವು ನಡುವೆ ಕೆಲವು ದಿನ ಕ್ಷೇಮವಾಗಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ತಮ್ಮನ್ನು ಆ ಸ್ಥಿತಿಗೆ ತಂದವಳು ನಾನೇ.

ಭಾಲ್ಕಿ ಕಡೆಯ ನನ್ನ ತವರೂರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತು, ಮುಂದೆ ಮದುವೆಯಾಗಿ ಮಹಾರಾಷ್ಟ್ರಕ್ಕೆ ಬಂದವಳು ನಾನು. ತಕರಾರಿನ ಅರ್ಜಿ ಬರೆಯುವಾಗ ಮೊದಲು ಎದುರಿನವರ ದೊಡ್ಡಸ್ತಿಕೆಯನ್ನು ನಾಲ್ಕು ಸಾಲು ಹೊಗಳಬೇಕು, ಇಲ್ಲದಿದ್ದರೆ ಸಾಹೇಬರು ಐದನೆಯ ಸಾಲು ಓದುವುದೇ ಇಲ್ಲ ಎಂದು ನಮ್ಮ ಗುರುಗಳು ಹೇಳಿಕೊಟ್ಟಿದ್ದರು. ಆದ್ದರಿಂದ ಮೊದಲು ಹೊಗಳುತ್ತೇನೆ, ಸಾವಕಾಶ ಕೇಳಬೇಕು.

ಎಲಾ ಎಲಾ, ಏನು ತಮ್ಮ ಶಿಸ್ತು! ಮುನ್ನೂರ ಅರವತ್ತೈದು ದಿನಗಳನ್ನು ಶೇಂಗಾ ಚಿಕ್ಕಿ ಕೊಯ್ದಂತೆ ಚೌಕ ಚೌಕ ಕೊಯ್ದು ಇಟ್ಟಿದ್ದೀರಿ. ದಿನಕ್ಕೆ ಎಂಟು ಗ್ಲಾಸು ನೀರು ಕುಡಿಯಲೆಂದು ಎಂಟು ಹನಿಗಳ ಚಿತ್ರ ಬಿಡಿಸಿ, ಕುಡಿದಂತೆಲ್ಲ ಬಣ್ಣ ತುಂಬಿರಿ ಎನ್ನುತ್ತೀರಿ. ನಳ ಬಂದಾಗ ಆ ನೀರನ್ನು ಕೊಡದಲ್ಲಿ ತುಂಬಿ ತರುವವರಿಗೆ ಮಾತ್ರ ಒಂದು ಹನಿಯನ್ನೂ ಇಟ್ಟಿಲ್ಲ, ಇರಲಿ. ಮನಸ್ಸು ಹೇಗಿದೆ ಎಂದು ತಿಳಿಸಲು ನಗುವ ಮೋರೆಯಿಂದ ಅಳುವ ಮೋರೆಯ ತನಕ ಐದು ಮೋರೆಗಳನ್ನು ಸಾಲಾಗಿ ನಿಲ್ಲಿಸಿದ್ದೀರಿ. ನಮ್ಮ ಮನೆಯಲ್ಲಿ ಇಷ್ಟು ದಿನ ಅದು ರೊಟ್ಟಿ ಬಡಿಯುವ ಸಪ್ಪಳದಿಂದಲೇ ಗೊತ್ತಾಗುತ್ತಿತ್ತು, ನಾವು ಹಿಂದುಳಿದವರು. ಅಂಟಿಸಲೆಂದು ತಾವು ತಂದ ಚಿತ್ರಗಳನ್ನಂತೂ ಎಷ್ಟು ಹೊಗಳಿದರೂ ಕಡಿಮೆ: ಕಾಫಿ ಕಪ್ಪು, ಕುಂಡದಲ್ಲಿ ಮುಳ್ಳುಗಳ್ಳಿ, ಟೊಪ್ಪಿಗೆ ಹಾಕಿದ ಬೆಕ್ಕು. ಎಮ್ಮೆ ಒಂದೂ ಇಲ್ಲ. ಎರಡು ಎಮ್ಮೆ ಕಟ್ಟಿದ ಮನೆಗೆ ಬಂದು ಒಂದೂ ಎಮ್ಮೆಯಿಲ್ಲದೆ ವರ್ಷ ಕಳೆಯುತ್ತೇನೆ ಎನ್ನುವ ತಮ್ಮ ಧೈರ್ಯ ದೊಡ್ಡದು.

ಈಗ ನನ್ನ ಪರಿಚಯ. ನಾನೂ ತಮ್ಮ ಧಂದೆಯವಳೇ. ಪ್ರತಿ ವರ್ಷ ಯುಗಾದಿ ಪಾಡ್ಯ ದಾಟಿ, ಶಾಲೆಯ ಪರೀಕ್ಷೆ ಮುಗಿದ ಕೂಡಲೇ ನಮ್ಮ ಬಳಗದ ಮಕ್ಕಳ ಹಳೆಯ ವಹಿಗಳೆಲ್ಲ ನಮ್ಮ ಪಡಸಾಲೆಯ ಬುಟ್ಟಿಗೆ ಬಂದು ಬೀಳುತ್ತವೆ. (ವಹಿ ಎಂದರೆ ತಮ್ಮಂಥ ಶಾಣ್ಯಾರ ಭಾಷೆಯಲ್ಲಿ ನೋಟಬುಕ್ಕು.) ಅವುಗಳಲ್ಲಿ ಬರೆಯದೆ ಉಳಿದ ಹಾಳಿಗಳನ್ನು ಹರಿದು, ಅಂಚು ಸಮ ಮಾಡಿ, ಮೇಣದಬತ್ತಿಗೆ ತಿಕ್ಕಿದ ದಾರವನ್ನು ದಬ್ಬಣಕ್ಕೆ ಪೋಣಿಸಿ ಹೊಲಿದು, ಮೇಲೆ ಯಾವುದಾದರೂ ಲಗ್ನಪತ್ರಿಕೆಯ ದಪ್ಪ ಹಾಳಿಯನ್ನು ಮೈದಾದ ಅಂಟಿನಿಂದ ಹಚ್ಚಿದರೆ ಹೊಸ ವಹಿ ತಯಾರು. ಮೂವತ್ತೊಂದು ವರ್ಷದಿಂದ ನಮ್ಮ ಬಳಗದ ಕೂಸುಗಳು ಗಣಿತ ಮಾಡುತ್ತಿರುವುದು ಯಾರದೋ ಮದುವೆಯ ಗಣಪತಿಯ ಹಿಂದೆಯೇ. ತುಳಜಾಬಾಯಿಯ ಹೊಲಿಗೆ ಬಿಚ್ಚಿತು ಎಂದು ಇಂದಿನವರೆಗೆ ಒಬ್ಬರೂ ವಹಿಯನ್ನು ತಿರುಗಿ ತಂದಿಲ್ಲ.

ಎರಡು ವರ್ಷದ ಹಿಂದೆ ಉದಗೀರದ ಸ್ವಪ್ನಾಲಿ ನಮ್ಮ ಮಗ ಶುಭಂನ ಹೆಂಡತಿಯಾಗಿ ಬಂದಾಗ, ಅವರದೇ ಲಗ್ನಪತ್ರಿಕೆಯನ್ನು ರಟ್ಟಿಗೆ ಹಚ್ಚಿ, ಹಸಿರು ದಾರದಿಂದ ಒಂದು ವಹಿ ಹೊಲಿದು ಆಕೆಯ ಕೈಗೆ ಕೊಟ್ಟೆ. ಹುಡುಗಿ ಮರಾಠಿ ಮಾತಾಡುವ ಮನೆಯವಳು. ಮರಾಠಿ ನನಗೂ ಬರುತ್ತದೆ, ಆದರೆ ಸಿಟ್ಟು ಬಂದರೂ ಪ್ರೀತಿ ಬಂದರೂ ನನ್ನ ಬಾಯಿಂದ ಕನ್ನಡವೇ ಬರುತ್ತದೆ, ಆಕೆಗೆ ಎರಡೂ ಒಂದೇ ರೀತಿ ಕೇಳಿಸುತ್ತಿತ್ತೋ ಏನೋ. ವಹಿಯನ್ನು ಕಣ್ಣಿಗೆ ಒತ್ತಿಕೊಂಡು ತಿಜೋರಿಯಲ್ಲಿ ಇಟ್ಟಳು. ಅದರಲ್ಲಿ ಒಂದಕ್ಷರ ಬರೆದದ್ದನ್ನು ನಾನು ಕಾಣಲಿಲ್ಲ. ಎರಡನೆಯ ಸಲ ಅದು ಹೊರಗೆ ಬಂದದ್ದನ್ನೂ ಕಾಣಲಿಲ್ಲ. ಹರಕು ಹಾಳಿಯ ವಹಿ, ಓದಿದ ಹುಡುಗಿಗೆ ಹೇಗೆ ಸೇರೀತು ಎಂದು ನಾನೇ ತಿಳಿದುಕೊಂಡು, ನಾನೇ ನೊಂದುಕೊಂಡೆ.

ಆಮೇಲೆ ಈ ಜನವರಿಯಲ್ಲಿ ಕುರಿಯರದವನ ಕೈಯಿಂದ ತಾವು ದಯಮಾಡಿಸಿದಿರಿ. ಅಂದಿನಿಂದ ದಿನಾ ಮುಂಜಾನೆ, ಚಹಾ ಆರುವವರೆಗೂ, ಆರು ಬಣ್ಣದ ಪೆನ್ನು ಹರವಿಕೊಂಡು ಆಕೆ ತಮ್ಮ ಮುಂದೆ ಕೂರುವುದನ್ನು ಅಡುಗೆಮನೆಯಿಂದ ನೋಡುತ್ತಿದ್ದೆ. ನನ್ನೊಂದಿಗೆ ಮಾತಾಡಿದರೆ 'ಹೋ ಆಈ', 'ನಾಹಿ ಆಈ', ಹೌದವ್ವಾ ಇಲ್ಲವ್ವಾ, ಅಲ್ಲಿಗೆ ಮುಗಿಯಿತು. ತಮಗೆ ಮಾತ್ರ ಪುಟಗಟ್ಟಲೆ. ನನಗೆ ಹೊಟ್ಟೆ ಉರಿಯಿತು, ಸಾಹೇಬರೇ. ಸುಳ್ಳೇಕೆ ಹೇಳಲಿ? ಐವತ್ತೆರಡು ವರ್ಷದ ಹೆಂಗಸು ಒಂದು ಗುಲಾಬಿ ಬಣ್ಣದ ಪುಸ್ತಕದ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ನಮ್ಮವರಿಗೆ ಹೇಳಿದರೆ, ನಿನಗ ಏನ್ ಹುಚ್ಚು ಹಿಡದದೇನ ಎಂದು ನಕ್ಕು ಹೊಲಕ್ಕೆ ನಡೆದರು.

ಹೀಗಿರುವಾಗ ಏಪ್ರಿಲ್ ಕೊನೆಗೆ ಒಂದು ದಿನ ಟೇಬಲ್ ಒರೆಸುತ್ತ ಆಕೆ ತಮ್ಮನ್ನು ತೆಗೆದು ಕ್ಷಣಹೊತ್ತಿಗೆಂದು ಪಡಸಾಲೆಯ ಬುಟ್ಟಿಯ ಮೇಲೆ ಇಟ್ಟು, ಬೇರೆ ಕೆಲಸದಲ್ಲಿ ಮರೆತಳು. ಪಾಡ್ಯ ದಾಟಿದ ಮೇಲೆ ಆ ಬುಟ್ಟಿಗೆ ಬಂದದ್ದು ಹಳೆಯ ವರ್ಷದ ವಹಿ ಎಂಬುದು ನಮ್ಮ ಮನೆಯ ಕಾನೂನು. ನಮ್ಮ ವರ್ಷ ಹುಟ್ಟುವುದೇ ಪಾಡ್ಯಕ್ಕೆ; ಜನವರಿಯಲ್ಲಿ ಹುಟ್ಟಿದವರು ಪಾಡ್ಯಕ್ಕೆ ಹಳಬರಾದರು, ಹೌದಿಲ್ಲೋ? ನನ್ನ ಚಾಳೀಸಿನ ಕಾಲು ಮುರಿದಿತ್ತು, ಚಾಳೀಸು ಇಲ್ಲದೆ ಬರಿಗಣ್ಣಿಂದ ಕೆಲಸಕ್ಕೆ ಕೂತಿದ್ದೆ. ತೆಗೆದು ನೋಡಿದರೆ ಪ್ರತಿ ತಿಂಗಳ ಕೊನೆಗೆ ನಾಲ್ಕು ನಾಲ್ಕು ಹಾಳಿ, ಎರಡೂ ಬದಿ ಹಾಲಿನ ಕೆನೆಯಂತೆ ಬೆಳ್ಳಗೆ. ಯಪ್ಪಾ, ಅಂಥ ಹಾಳಿ ಈ ಬೆರಳುಗಳು ಮುಟ್ಟಿರಲಿಲ್ಲ! ಹರಿದೆ. ನಲವತ್ತೆಂಟು ಹಾಳಿಯನ್ನೂ ಹರಿದೆ. ಒಂದಿಷ್ಟು ಹೊಟ್ಟೆಯುರಿಯೂ ಆ ಕೈಯಲ್ಲಿ ಇತ್ತು ಎಂಬುದನ್ನು ಅರ್ಜಿಯಲ್ಲಿ ಮುಚ್ಚಿಡುವುದು ಸರಿಯಲ್ಲ.

ಇಲ್ಲಿ ತಮ್ಮ ಸಜ್ಜನಿಕೆಯನ್ನು ಹೊಗಳಲೇಬೇಕು. ಎಂಟನೆಯ ಹಾಳಿಗೇ ತಮ್ಮ ಬೆನ್ನು ಬಿಟ್ಟಿತು. ಹುಡುಕಿದರೆ ಒಳಗೆ ಒಂದು ಎಳೆ ದಾರವಿಲ್ಲ, ಬರೀ ಗೋಂದು, ಅದೂ ನಮ್ಮ ಬಿಸಿಲಿಗೆ ಮೊದಲೇ ಸೋತಿತ್ತು. ಹೊರಗೆ ಬಂಗಾರದ ಅಕ್ಷರ ಬರೆಸಿಕೊಂಡವರು ಒಳಗೆ ದಾರದ ಒಂದು ಟಾಕಿ ಹಾಕಿಸಿಕೊಳ್ಳಬಾರದಿತ್ತೇ? ನಾನು ಹರಿಯುವಾಗ ಒಂದು ಸಲ ಕೂಗಲಿಲ್ಲ, ಕೆಮ್ಮಲಿಲ್ಲ, ನಾನಿನ್ನೂ ಮುಗಿದಿಲ್ಲವ್ವಾ ಎನ್ನಲಿಲ್ಲ. ಆ ಹಾಳಿಗಳನ್ನು ಬೇರೆ ಹಾಳಿಗಳ ಜೊತೆ ಬೆರೆಸಿ ಮೂರು ವಹಿ ಹೊಲಿದೆ: ಒಂದು ಹೊಲದ ಕರೆಂಟಿನ ವೇಳೆ ಬರೆದುಕೊಳ್ಳಲು ನಮ್ಮವರಿಗೆ, ಒಂದು ನಿಲಂಗಾದಲ್ಲಿರುವ ಮಗಳು ಮೀನಲಳ ಮನೆಗೆ, ಇನ್ನೊಂದು ಜಳಕೋಟದ ನನ್ನ ತಮ್ಮ ಕಾಶೆಪ್ಪನ ಮನೆಗೆ. ಅವತ್ತೇ ಎಸ್ಟಿ ಬಸ್ಸಿಗೆ ಹೋಗುವವರ ಕೈಯಲ್ಲಿ ಕಳಿಸಿಯೂ ಬಿಟ್ಟೆ.

ಮರುದಿನ ಮುಂಜಾನೆ ಸ್ವಪ್ನಾಲಿ ಬಂದು ತಮ್ಮ ಅವಶೇಷಗಳನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಅಂದು ಹಗುರಾಗುತ್ತಿದ್ದೆ. 'ಅಸೂ ದ್ಯಾ ಆಈ', ಇರಲಿ ಬಿಡಿ ಎಂದಷ್ಟೇ ಹೇಳಿ, ಮೂರನೆಯ ದಿನ ತವರಿಗೆಂದು ಉದಗೀರಕ್ಕೆ ಹೊರಟಳು. ಯಾವಾಗ ಬರ್ತಿ ಎಂದರೆ, ನೋಡ್ತೀನಿ ಎಂದಳು. ತಮ್ಮನ್ನೂ ಒಯ್ಯಲಿಲ್ಲ, ಆರು ಪೆನ್ನುಗಳನ್ನೂ ಒಯ್ಯಲಿಲ್ಲ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಹುಡುಗಿ ಮನಸ್ಸು ಮುರಿದುಕೊಂಡು ಅಲ್ಲೇ ಉಳಿದರೆ, ಮಗನಿಗೆ ಯಾವ ಮುಖ ತೋರಿಸಲಿ? ಮಗನದಿರಲಿ, ಆ ಪಡಸಾಲೆಯಲ್ಲಿ ನಾನು ಒಬ್ಬಳೇ ಹೇಗೆ ಕೂರಲಿ?

ಹರಿದವಳೇ ಹೊಲಿಯಬೇಕು. ನಲವತ್ತೆಂಟೂ ಹಾಳಿ ಕೂಡಿಸಿ, ಆಕೆ ಬರುವುದರೊಳಗೆ ತಮ್ಮನ್ನು ಮತ್ತೆ ಇಡಿಯಾಗಿ ಹೊಲಿದು ಟೇಬಲ್ಲಿನ ಮೇಲೆ ಇಡಬೇಕೆಂದು ನಿಶ್ಚಯಿಸಿದೆ. ನಮ್ಮವರ ವಹಿಯನ್ನು ಅವರು ಮಲಗಿದ್ದಾಗ ಬಿಚ್ಚಿಕೊಂಡೆ. ಚಾಳೀಸಿಗೆ ದಾರ ಕಟ್ಟಿಕೊಂಡು ನಿಲಂಗಾದ ಬಸ್ಸು ಹತ್ತಿದೆ. ಮೀನಲ, ಕೊಟ್ಟದ್ದನ್ನ ತಿರುಗಿ ಕೇಳೋದು ಇದ್ಯಾವ ಪದ್ಧತಿ ಅವ್ವಾ ಎಂದು ಗೊಣಗುತ್ತಲೇ ಕೊಟ್ಟಳು. ಅಲ್ಲಿಂದ ಉದಗೀರದಲ್ಲಿ ಬಸ್ಸು ಬದಲಿಸಿ, ಬೀಗರ ಓಣಿಯ ಕಡೆ ಮೋರೆ ತಿರುಗಿಸದೆ, ಜಳಕೋಟ ಮುಟ್ಟಿದೆ. ಕಾಶೆಪ್ಪನ ಮೊಮ್ಮಗಳು ಎರಡು ಹಾಳಿಯ ಮೇಲೆ ಕೋಳಿ ಬರೆದಿದ್ದಳು. ಕೋಳಿ ಸಮೇತ ಬಿಚ್ಚಿಕೊಂಡೆ. ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದ್ದು ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು.

ತಿರುಗಿ ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ಸೆರಗು ಹಾಸಿ, ಮೂಲೆಯಲ್ಲಿ ಅಚ್ಚಾದ ತಿಂಗಳ ಅಂಕಿ ನೋಡಿ ನೋಡಿ ಹಾಳಿಗಳನ್ನು ಜೋಡಿಸುತ್ತಿದ್ದೆ. ಆಗ ಚಾಳೀಸು ಇದ್ದ ಕಣ್ಣಿಗೆ, ಜನವರಿಯ ಹಾಳಿಯ ಕೆಳಗಡೆ, ಇರುವೆ ಹರಿದಂಥ ಪೆನ್ಸಿಲಿನ ಒಂದು ಮರಾಠಿ ಸಾಲು ಕಂಡಿತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಆಈ ಅವರಿಂದ ವಹಿ ಹೊಲಿಯುವುದನ್ನು ಕಲಿಯಬೇಕು, ಕೇಳುವುದು ಹೇಗೆ, ಎಂದಿತ್ತು. ಅದರ ಮುಂದೆ ಒಂದು ಬಾಣ. ಆದ ಕೆಲಸಕ್ಕೆ ಟಿಕ್ಕು, ಆಗದ ಕೆಲಸವನ್ನು ಮುಂದಿನ ತಿಂಗಳಿಗೆ ದೂಡಲು ಬಾಣ, ಇದು ತಮ್ಮ ಪದ್ಧತಿ ಎಂದು ಒಮ್ಮೆ ಶುಭಂ ಹೇಳಿದ್ದ. ಫೆಬ್ರುವರಿಯ ಹಾಳಿ ತೆಗೆದೆ: ಅದೇ ಸಾಲು, ಅದೇ ಬಾಣ. ಮಾರ್ಚಿನಲ್ಲೂ ಅದೇ. ಏಪ್ರಿಲಿನಲ್ಲೂ ಅದೇ, ಸಾಲಿನ ಮೇಲೊಂದು ಕೋಳಿ. ಮೇ ತಿಂಗಳಿಗೂ ಮೊದಲೇ ಬರೆದಿಟ್ಟಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು ನನ್ನ ಬಾಳು. ಪಕ್ಕದ ಸೀಟಿನವರು ನೋಡುತ್ತಾರೆಂಬ ಖಬರೂ ಇಲ್ಲದೆ ಅತ್ತೆ.

ಇದೀಗ ನನ್ನ ತಕರಾರು, ಮಾನ್ಯರೇ. ನಾಲ್ಕು ತಿಂಗಳು! ನಾಲ್ಕು ತಿಂಗಳು ತಮಗೆ ಎಲ್ಲ ಗೊತ್ತಿತ್ತು. ನಾನು ದಿನಾ ತಮ್ಮ ಬಾಜೂಕಿನಿಂದಲೇ ಕಸಬರಿಗೆ ಹಿಡಿದು ಹಾಯುತ್ತಿದ್ದೆ, ತಾವು ರಿಬ್ಬನ್ನು ಇಳಿಬಿಟ್ಟುಕೊಂಡು ಸುಮ್ಮನೆ ಮಲಗಿದ್ದಿರಿ. ಮನೆಯ ಮಾತು ಹೊರಗೆ ಬಿಡದ ತಮ್ಮ ನಿಷ್ಠೆಗೆ ನಮ್ಮ ಓಣಿಯ ಹೆಂಗಸರೆಲ್ಲ ತಮ್ಮ ಕಾಲು ತೊಳೆದು ನೀರು ಕುಡಿಯಬೇಕು; ಆದರೆ ಹೊರಗೂ ಅಲ್ಲದ, ಎಂಟು ಹೆಜ್ಜೆ ಆಚೆಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಹೇಳಿದ್ದರೆ ತಮ್ಮ ಗೋಂದು ಕರಗುತ್ತಿತ್ತೇ? ಆದ್ದರಿಂದ ಇನ್ನು ಮುಂದೆ ಸೊಸೆಯು ತಮ್ಮಲ್ಲಿ ಅತ್ತೆಯ ಹೆಸರು ಬರೆದ ಕೂಡಲೇ ತಾವು ಮೂರು ಸಲ ಗಟ್ಟಿಯಾಗಿ ಕೆಮ್ಮತಕ್ಕದ್ದು. ಒಂದೇ ಕೆಲಸಕ್ಕೆ ಎರಡನೆಯ ಬಾಣ ಬಿದ್ದರೆ ತಾವೇ ಎದ್ದು ಅಡುಗೆಮನೆಗೆ ನಡೆದು ಬರತಕ್ಕದ್ದು. ಐದು ಮೋರೆಗಳ ಜೊತೆಗೆ, ಕೇಳಬೇಕೆಂದು ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುವ ಆರನೆಯ ಮೋರೆಯೊಂದನ್ನು ಕೂಡಿಸತಕ್ಕದ್ದು. ನಮ್ಮ ಮನೆಯಲ್ಲಿ ಅದರದ್ದೇ ಖರ್ಚು ಹೆಚ್ಚು, ನನ್ನದೂ ಸೇರಿ. ಒಂದು ಎಮ್ಮೆಯನ್ನೂ ಮರೆಯಬಾರದು.

ಉದಗೀರದ ಸ್ಟ್ಯಾಂಡಿನಲ್ಲಿ ಇಳಿದು ಉಮರ್ಗಾದ ಬಸ್ಸು ಹುಡುಕದೆ ಸೀದಾ ಬೀಗರ ಮನೆಗೆ ಆಟೊ ಮಾಡಿಕೊಂಡು ಹೋದೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದು. ಕಾಶೆಪ್ಪ ಕೊಟ್ಟ ತೊಗರಿ ಬೇಳೆಯ ಗಂಟು ಇತ್ತು, ನಲವತ್ತೆಂಟು ಹಾಳಿ ಇತ್ತು, ದಬ್ಬಣ ಇತ್ತು. ಬಾಗಿಲು ತೆರೆದ ಸ್ವಪ್ನಾಲಿಗೆ ದಾರಿಯುದ್ದಕ್ಕೂ ಕೂಡಿಸಿಟ್ಟ ಮರಾಠಿಯಲ್ಲಿ ಮಾತಾಡಬೇಕೆಂದಿದ್ದೆ, ಬಾಯಿಗೆ ಬಂದದ್ದು ಕನ್ನಡವೇ: ತಪ್ಪಾಯ್ತವ್ವಾ, ಕಲಿಸ್ತೀನಿ ಬಾ ಎಂದೆ. ಆಕೆ ಹಾಳಿಗಳನ್ನು ನೋಡಿದಳು, ಅವುಗಳಲ್ಲಿನ ತನ್ನ ಪೆನ್ಸಿಲಿನ ಸಾಲು ನೋಡಿದಳು, ಕೆಂಪಾಗಿ ಒಳಗೆ ಓಡಿದಳು. ಹೊರಗೆ ಬಂದಾಗ ಕೈಯಲ್ಲಿ ನಾನು ಕೊಟ್ಟ ಹಸಿರು ದಾರದ ವಹಿ ಇತ್ತು, ದಾರ ಜೋತುಬಿದ್ದಿತ್ತು. ಹೊಲಿಗೆ ಹೇಗಿದೆ ನೋಡಬೇಕೆಂದು ಮೊದಲ ವರ್ಷವೇ ಒಂದು ಗಂಟು ಬಿಚ್ಚಿದ್ದಳಂತೆ, ತಿರುಗಿ ಹಾಕಲು ಬರಲಿಲ್ಲವಂತೆ, ಆಈ ಬೈದಾರೆಂದು ತಿಜೋರಿಯಲ್ಲಿ ಬಚ್ಚಿಟ್ಟಳಂತೆ. ಈಗ ಉದಗೀರದ ಬೈಂಡಿಂಗ್ ಅಂಗಡಿಯಲ್ಲಿ ಗುಟ್ಟಾಗಿ ಸರಿ ಮಾಡಿಸಿಕೊಂಡು ಬರೋಣವೆಂದು ತಮ್ಮನ್ನು ಬಿಟ್ಟು ಅದನ್ನು ತಂದಿದ್ದಳು. ನನ್ನ ವಹಿ ಆಕೆ ಬಿಚ್ಚಿದ್ದಳು, ಆಕೆಯದನ್ನು ನಾನು ಹರಿದಿದ್ದೆ. ಇಬ್ಬರೂ ನಕ್ಕು ನಕ್ಕು ಅತ್ತೆವು, ಬೀಗಿತ್ತಿ ಏನೂ ತಿಳಿಯದೆ ಚಹಾ ಇಟ್ಟರು.

ಆಕೆ ನನ್ನ ಜೊತೆಗೇ ಉಮರ್ಗಾಕ್ಕೆ ತಿರುಗಿ ಬಂದಳು. ಈಗ ತಾವು ನಮ್ಮ ಪಡಸಾಲೆಯಲ್ಲಿ ಹಸಿರು ದಾರದ ಹೊಲಿಗೆಯಿಂದ ಎದ್ದು ಕೂತಿದ್ದೀರಿ. ಆ ಹೊಲಿಗೆ ನನ್ನದಲ್ಲ, ಆಕೆಯದು. ಮೊದಲಿನ ನಾಲ್ಕು ಟಾಕಿ ಸೊಟ್ಟ ಆಗಿವೆ, ಅವನ್ನು ಬಿಚ್ಚಬೇಡ ಎಂದು ನಾನೇ ಹೇಳಿದ್ದೇನೆ, ಆ ಬಗ್ಗೆ ತಾವು ಯಾವ ಮೋರೆಯನ್ನೂ ಮಾಡಬಾರದಾಗಿ ವಿನಂತಿ.

ಇಂತು ತಮ್ಮ ಬೆನ್ನಿಗೆ ದಾರ, ತಮ್ಮ ಬಾಯಿಗೆ ಮಾತು ಬಯಸುವ,

ತಮ್ಮ ವಿಶ್ವಾಸಿ,
ತುಳಜಾಬಾಯಿ ಕಲ್ಯಾಣಪ್ಪ
ಉಮರ್ಗಾ

ತಾ.ಕ.: ಮೇ ತಿಂಗಳ ಆ ಸಾಲಿನ ಮುಂದೆ ಕೆಂಪು ಪೆನ್ನಿನಿಂದ ದೊಡ್ಡದೊಂದು ಟಿಕ್ಕು ಹಾಕಿದವಳು ನಾನು, ಚೌಕದ ಹೊರಗೆ ಹೋಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನಿನ್ನೆ ಅದರ ಕೆಳಗೆ ಆಕೆ ಪೆನ್ಸಿಲಿನಿಂದ ಹೊಸದೇನೋ ಬರೆಯುತ್ತಿದ್ದವಳು ನನ್ನನ್ನು ಕಂಡು ಅಂಗೈ ಮುಚ್ಚಿದಳು. ಅದು ಏನೆಂದು ತಾವು ಹೇಳುವುದು ಬೇಡ, ಈ ಸಲ ಆಕಿನೇ ಹೇಳ್ತಾಳ, ನಾ ಕಾಯ್ತೀನಿ. ಆದರೆ ಅದರ ಮುಂದೆ ಬಾಣ ಕಂಡಿತೋ, ದಬ್ಬಣ ಇನ್ನೂ ನನ್ನ ಕೈಯಾಗೇ ಅದ ಎಂಬುದು ತಮ್ಮ ನೆನಪಿನಲ್ಲಿರಲಿ.