ಲೋಟದ ತಳ ಹಿಡಿದು ಕುಳಿತ ಸಕ್ಕರೆಯವರಿಗೆ

ಮಾನ್ಯ ಸಕ್ಕರೆಯವರೇ,

ಇರುವೆಗಳ ಕಾಟವಿಲ್ಲದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಾವು ಸಪರಿವಾರ ಸುಖವಾಗಿದ್ದೀರೆಂದು ನಂಬಿ, ಮೂವತ್ತು ವರ್ಷದಿಂದ ಹೊಲಿಗೆಯಂತ್ರದ ಮುಂದೆ ಬೆನ್ನು ಬಗ್ಗಿಸಿರುವ ಈ ದರ್ಜಿಯು ಅತ್ಯಂತ ವಿನಯದಿಂದ ಸಲ್ಲಿಸುತ್ತಿರುವ ದೂರು ಇದು. ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಕಳೆದ ಭಾನುವಾರ ತಾವು ಮಾಡಿದ್ದನ್ನೂ ನಾಲ್ಕು ಜನ ನೋಡಿದ್ದಾರೆ.

ವಿಷಯ ತಮಗೆ ತಿಳಿದಿರಲಿ. ನನಗೂ ನನ್ನ ಅಣ್ಣನಿಗೂ ಹದಿನಾಲ್ಕು ತಿಂಗಳಿಂದ ಮಾತಿರಲಿಲ್ಲ. ಬಸ್ಸು ಓಡಿಸುವ ಅವರು, ಮಗಳ ಮದುವೆಗೆಂದು ನಾನು ಹೊಲಿದುಕೊಟ್ಟ ಕೋಟಿನ ಬಲತೋಳು ಗಿಡ್ಡವಾಗಿದೆಯೆಂದು ನೆಂಟರೆದುರೇ ಅಂದರು. ನಾನು ಸುಮ್ಮನಿರಲಾರದೆ, ತೋಳು ಸರಿಯಾಗಿಯೇ ಇದೆ, ಸ್ಟೀರಿಂಗ್ ತಿರುಗಿಸಿ ತಿರುಗಿಸಿ ನಿನ್ನ ಕೈಯೇ ಉದ್ದವಾಗಿದೆ ಎಂದುಬಿಟ್ಟೆ. ಕೊನೆಗೆ ಅತ್ತಿಗೆಯೂ ನನ್ನ ಹೆಂಡತಿಯೂ ಫೋನಿನಲ್ಲಿ ಗುಸುಗುಸು ಮಾತಾಡಿಕೊಂಡು, ಅಣ್ಣನನ್ನು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಕರೆತರುವುದೆಂದು ಗೊತ್ತುಮಾಡಿದರು. ಅಣ್ಣನಿಗೆ ಐಸ್ ಹಾಕಿದ ಸಿಹಿ ಚಹಾ ಎಂದರೆ ಪ್ರಾಣ. ಅದನ್ನು ನಾನೇ ಮಾಡುತ್ತೇನೆಂದು, ಯಾರೂ ಕೇಳದಿದ್ದರೂ, ಎದೆ ತಟ್ಟಿಕೊಂಡು ಹೇಳಿದೆ.

ನನ್ನ ಕಡೆಯ ತಪ್ಪನ್ನೂ ಮುಚ್ಚಿಡುವುದಿಲ್ಲ. ನಮ್ಮ ಕಸುಬಿನಲ್ಲಿ ಗುಂಡಿ ಹಚ್ಚುವುದು ಎಲ್ಲ ಕೆಲಸ ಮುಗಿದ ಮೇಲೆ. ತಮ್ಮನ್ನೂ ಹಾಗೆಯೇ ಕೊನೆಗೆ ಹಚ್ಚಿದರಾಯಿತೆಂದು ತಿಳಿದು, ಚಹಾ ಕುದಿಸಿ, ಸೋಸಿ, ಫ್ರಿಜ್ಜಿನಲ್ಲಿ ಮೂರು ಗಂಟೆ ತಣಿಸಿ, ಐಸು ತುಂಬಿ, ನಿಂಬೆಹಣ್ಣು ಹಿಂಡಿ, ಆಮೇಲೆ ಹನ್ನೆರಡು ಚಮಚ ತಮ್ಮನ್ನು ಗೌರವಪೂರ್ವಕವಾಗಿ ಜಗ್ಗಿಗೆ ಬರಮಾಡಿಕೊಂಡೆ. ತಿರುಗಿಸಿದೆ. ತಾವು ಒಂದು ಸುತ್ತು ಪ್ರದಕ್ಷಿಣೆ ಬಂದು, ಕುರ್ಚಿ ಸಿಕ್ಕ ಅಧಿಕಾರಿಯಂತೆ ತಳದಲ್ಲಿ ಕುಳಿತಿರಿ. ಕೈ ಸೋಲುವವರೆಗೆ ತಿರುಗಿಸಿದರೂ ಮೇಲೇಳಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಗಾಬರಿಯಲ್ಲಿ ಜಗ್ಗನ್ನು ಲೋಟಗಳಿಗೆ ಬಗ್ಗಿಸಿದೆ, ತಾವು ಬಹುಪಾಲು ಕೊನೆಗೆ ತುಂಬಿದ ಲೋಟಕ್ಕೇ ಇಳಿದಿರಿ. ಆ ಲೋಟ ಅಣ್ಣನದು.

ಅಣ್ಣ ಒಂದು ಗುಟುಕು ಕುಡಿದು, “ಚೆನ್ನಾಗಿದೆ” ಎಂದರು. ಮಾನ್ಯರೇ, ಹುಟ್ಟಿದಾಗಿನಿಂದ ನಾನು ಮಾಡಿದ ಯಾವುದನ್ನೂ ಚೆನ್ನಾಗಿದೆ ಎನ್ನದ ಮನುಷ್ಯ, ಸಪ್ಪೆ ನೀರನ್ನು ಚೆನ್ನಾಗಿದೆ ಎನ್ನಬೇಕಾದರೆ ನಾನು ಅವರಿಗೆ ಪರಕೀಯನಾಗಿದ್ದೇನೆ ಎಂದೇ ಅರ್ಥ. ಹೆಂಡತಿ ಕಿಟಕಿಯ ಪರದೆಯನ್ನೇ ನೋಡುತ್ತಿದ್ದಳು. ಅತ್ತಿಗೆ ಬಿಸಿಲಿನ ಬಗ್ಗೆ ಎರಡನೆಯ ಸಲ ಮಾತಾಡಿದರು. ನನಗೆ ಅಳು ಬರುವುದೊಂದು ಬಾಕಿ.

ಮರ್ಯಾದೆಗಾಗಿ ಅಣ್ಣ ಲೋಟ ಬರಿದುಮಾಡಲು ಹೊರಟರು. ಕೊನೆಯ ಗುಟುಕಿನಲ್ಲಿ ತಾವು ಎರಡು ಬೆರಳಿನಷ್ಟು ಒಟ್ಟಿಗೇ ಅವರ ಬಾಯಿಗೆ ನುಗ್ಗಿದಿರಿ. ನುಂಗಲಾರದೆ, ಉಗುಳಲಾರದೆ, ಕರಕರ ಅಗಿಯುತ್ತಲೇ ಅವರು ಗುಡುಗಿದರು: “ಲೋ, ಬಿಸಿ ಇರೋವಾಗ್ಲೇ ಸಕ್ಕರೆ ಹಾಕ್ಬೇಕು ಅನ್ನೋದು ನಿಂಗೆ ಇನ್ಯಾವಾಗೋ ಗೊತ್ತಾಗೋದು? ಚಹಾನೂ ಕೆಡಿಸ್ದೆ, ಕೋಟೂ ಕೆಡಿಸ್ದೆ!”

ಆಮೇಲೆ ಅರ್ಧ ಗಂಟೆ ಜಗಳ. ತೋಳು, ಟೇಪು, ನೆಂಟರು, ಚಿಕ್ಕಂದಿನಲ್ಲಿ ನಾನು ಕಳೆದುಹಾಕಿದ ಅವರ ಚಪ್ಪಲಿ, ಎಲ್ಲವೂ ಬಂತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಬೈಯುತ್ತ ಬೈಯುತ್ತಲೇ ಅಣ್ಣ ಅಡುಗೆಮನೆಗೆ ನುಗ್ಗಿ, ತಮ್ಮ ಬಳಗದ ಒಂದು ಬಟ್ಟಲನ್ನು ಕುದಿಯುವ ನೀರಿಗೆ ಸುರಿದು, ಪಾಕ ಮಾಡಿ, ಉಳಿದ ಚಹಾಕ್ಕೆ ಬೆರೆಸಿ ನನ್ನ ಕೈಗೆ ಒಂದು ಲೋಟ ಕೊಟ್ಟರು. ಹದಿನಾಲ್ಕು ತಿಂಗಳಲ್ಲಿ ಅಷ್ಟು ಸಂತೋಷ ನನಗೆ ಆಗಿರಲಿಲ್ಲ.

ಆದರೂ ದೂರು ದೂರೇ. ಇನ್ನು ಮುಂದೆ ತಾವು ಐಸುನೀರಿನಲ್ಲಿಯೂ ಚಕಾರವೆತ್ತದೆ ಕರಗಬೇಕು; ಆಗದಿದ್ದಲ್ಲಿ ತೇಲಬೇಕು; ಅದೂ ಆಗದಿದ್ದಲ್ಲಿ, ಕರಗುವ ಮನಸ್ಸಿಲ್ಲವೆಂದು ನೆಂಟರು ಬರುವ ಮೂರು ಗಂಟೆ ಮೊದಲೇ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ಓಣಿಯ ಕೊನೆಯಂಗಡಿಯ ದರ್ಜಿ

ತಾ.ಕ.: ಈ ಭಾನುವಾರವೂ ಅಣ್ಣ ಬರುತ್ತಾರಂತೆ. ನೀರು ಈಗಾಗಲೇ ಕುದಿಯುತ್ತಿದೆ. ತಮ್ಮ ಆಕ್ಷೇಪಣೆಗಳೇನಾದರೂ ಇದ್ದಲ್ಲಿ, ಕರಗುವುದಕ್ಕೆ ಮುಂಚೆ ಲಿಖಿತವಾಗಿ ಸಲ್ಲಿಸತಕ್ಕದ್ದು.