ಡೇರೆ ಗೆಡ್ಡೆಯೂ ನನ್ನ ಕೆದಕುವ ಕೈಯೂ

ಮುಚ್ಚಿಟ್ಟದ್ದನ್ನು ತೆರೆದು ನೋಡದೆ ಇರಲಾಗದ ಜನ ಪ್ರಪಂಚದಲ್ಲಿ ಒಂದಿಷ್ಟು ಮಂದಿ ಇದ್ದೇ ಇರುತ್ತಾರೆ. ಅವರ ಪೈಕಿ ನಾನು ಮುಂದಿನ ಸಾಲಿನವನು. ಹಾಲಿಗೆ ಹೆಪ್ಪು ಹಾಕಿಟ್ಟರೆ ಗಟ್ಟಿಯಾಯಿತೇ ಎಂದು ಪಾತ್ರೆಯನ್ನು ಓರೆ ಮಾಡಿ ನೋಡುತ್ತೇನೆ. ಹಾಗೆ ನೋಡಿಸಿಕೊಂಡ ಮೊಸರು ಆಮೇಲೆ ಎಷ್ಟು ಹೊತ್ತು ಬಿಟ್ಟರೂ ಗಟ್ಟಿಯಾಗುವುದಿಲ್ಲ. ಬೆಂದಿದೆಯೇ ಎಂದು ನಾನು ಚುಚ್ಚಿ ಚುಚ್ಚಿ ನೋಡುವುದರಿಂದ ನಮ್ಮ ಮನೆಯ ಇಡ್ಲಿಗಳು ಜರಡಿಯ ಹಾಗೆ ತೂತು ಬಿದ್ದೇ ತಟ್ಟೆಗೆ ಬರುತ್ತವೆ. ಇದು ಹುಟ್ಟುಗುಣವೋ ಉದ್ಯೋಗದಿಂದ ಅಂಟಿದ್ದೋ ತಿಳಿಯದು. ಬ್ಯಾಂಕಿನಲ್ಲಿ ನನ್ನನ್ನು ಬಹಳ ಕಾಲ ತಪಾಸಣೆಯ ಕೆಲಸಕ್ಕೆ ಹಾಕಿದ್ದರು. ಎಲ್ಲ ಸರಿಯಾಗಿದೆ ಎಂದು ಯಾರಾದರೂ ಹೇಳಿದರೆ ನಂಬಬಾರದು, ಕೆದಕಬೇಕು, ಅದೇ ಅಲ್ಲಿನ ಕೆಲಸ. ಆಫೀಸಿನಲ್ಲಿ ಕೆದಕಿದಷ್ಟೂ ಹೆಸರು ಬರುತ್ತದೆ, ಮನೆಯಲ್ಲಿ ಕೆದಕಿದಷ್ಟೂ ಹೋಗುತ್ತದೆ. ನನ್ನಂಥವರು ಇರುತ್ತಾರೆಂದು ತಿಳಿದೇ ಬ್ಯಾಂಕಿನವರು ತಿಜೋರಿಗೆ ಎರಡು ಬೀಗದಕೈ ಮಾಡಿಸಿ, ಇಬ್ಬರು ಅಧಿಕಾರಿಗಳ ಹತ್ತಿರ ಒಂದೊಂದು ಕೊಟ್ಟಿರುತ್ತಾರೆ. ಇಬ್ಬರೂ ಬಂದು ನಿಲ್ಲುವವರೆಗೆ ಬಾಗಿಲು ತೆರೆಯುವುದಿಲ್ಲ. ನಮ್ಮ ಮನೆಯಲ್ಲಿ ಈ ವ್ಯವಸ್ಥೆ ಇರಲಿಲ್ಲ.

ವಿಶಾಖಪಟ್ಟಣದಲ್ಲಿದ್ದಾಗ ನಾವು ಭೀಮುನಿಪಟ್ಟಣದ ಕಡೆ, ಸತ್ಯವತಿಗಾರು ಎಂಬ ಹಿರಿಯ ಹೆಂಗಸಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಚಳಿಗಾಲ ಬಂತೆಂದರೆ ಆಕೆಯ ಅಂಗಳದ ತುಂಬ ಡೇಲಿಯಾ. ನಾನು ಚಿತ್ರದುರ್ಗದವನು, ಕನಕಾಂಬರವನ್ನೇ ಹೂವಿನ ಕೊನೆಯೆಂದು ತಿಳಿದಿದ್ದವನು. ಊಟದ ತಟ್ಟೆಯಷ್ಟಗಲದ ಹೂವನ್ನು ನೋಡಿ ದಂಗಾಗಿ ನಿಂತಿದ್ದರೆ, ಹೆಂಡತಿ ವಸುಧಾ ಹಿಂದಿನಿಂದ ಬಂದು, "ಅಯ್ಯೋ, ಇದು ನಮ್ಮ ಡೇರೆ ಹೂ!" ಎಂದಳು. ಅವಳು ಸಾಗರದ ಕಡೆಯವಳು. ಅಲ್ಲಿ ಮಳೆಗಾಲದಲ್ಲಿ ಹೆಂಗಸರು ಇದನ್ನು ಇಡಿಯಾಗಿ ಜಡೆಗೆ ಸಿಕ್ಕಿಸಿಕೊಳ್ಳುತ್ತಾರಂತೆ, ಹಿಂದಿನಿಂದ ನೋಡಿದರೆ ಹೂವೇ ನಡೆದು ಹೋದ ಹಾಗೆ ಕಾಣುತ್ತದಂತೆ. ಹೇಳುತ್ತ ಹೇಳುತ್ತ ಅವಳ ಮುಖ ಹೈಸ್ಕೂಲು ಹುಡುಗಿಯ ಮುಖವಾಗಿತ್ತು. ಅವತ್ತಿನಿಂದ ಮನೆಯ ಮಾಲೀಕಳಿಗೂ ಇವಳಿಗೂ ಅದೇ ಮಾತು, ಅದೇ ಗೊಬ್ಬರ, ಅದೇ ನೀರು.

ಅಷ್ಟರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಬ್ಯಾಂಕಿನ ವರ್ಗಾವಣೆ ಬರುವುದು ಬೇಸಿಗೆಯಲ್ಲಿ. ಡೇರೆ ಗಿಡ ಒಣಗಿ, ಗೆಡ್ಡೆ ಮಣ್ಣಿನೊಳಗೆ ಮಲಗುವುದೂ ಬೇಸಿಗೆಯಲ್ಲೇ. ಹೊರಡುವಾಗ ಸತ್ಯವತಿಗಾರು ಪ್ರೀತಿಯಿಂದ ನಾಲ್ಕು ಸಿಮೆಂಟ್ ಕುಂಡ ಕೊಟ್ಟರು. ಒಂದರಲ್ಲೂ ಒಂದು ಎಲೆಯಿಲ್ಲ, ಬರೀ ಮಣ್ಣು. ಲಾರಿಯಲ್ಲಿ ಉಳಿದಿದ್ದದ್ದು ಚೂರು ಜಾಗ. ಅದಕ್ಕೆ ಇನ್ನೊಬ್ಬ ಹಕ್ಕುದಾರನಿದ್ದ. ವಸುಧಾ ತವರಿನಿಂದ ತಂದು ಊರಿಂದೂರಿಗೆ ಹೊತ್ತುಕೊಂಡು ಬಂದ ರುಬ್ಬುವ ಒರಳುಕಲ್ಲು.

"ರೀ, ನಿಮಗೆ ಕಲ್ಲು ಬೇಕೋ ಮಣ್ಣು ಬೇಕೋ?" ಎಂದು ಕೇಳಿದಳು.

"ಕಲ್ಲು ಎಲ್ಲಿಗೂ ಓಡಿಹೋಗಲ್ಲ, ಆಮೇಲೆ ತರಿಸೋಣ. ಈ ಮಣ್ಣಲ್ಲಿ ನಿನ್ನ ಡೇರೆ ಇದೆ. ಸಂಕ್ರಾಂತಿ ಹೊತ್ತಿಗೆ ನಿನ್ನ ಜಡೆಯಲ್ಲಿ ಹೂ ಇರುತ್ತೆ, ನೋಡ್ತಿರು" ಎಂದೆ. ಗಂಡಸರು ಲಾರಿಯ ಮುಂದೆ ನಿಂತಾಗ ಇಂಥ ಮಾತು ಧಾರಾಳವಾಗಿ ಬರುತ್ತದೆ. ಒರಳು ಸತ್ಯವತಿಗಾರು ಅವರ ಮನೆಯ ಹಿತ್ತಲಲ್ಲಿ ಉಳಿಯಿತು. ವಸುಧಾ ಬಸ್ಸಿನಲ್ಲಿ ರಾಜಮಂಡ್ರಿ ದಾಟುವವರೆಗೆ ಕಿಟಕಿಯ ಕಡೆಗೇ ಮುಖ ತಿರುಗಿಸಿಕೊಂಡು ಕೂತಿದ್ದಳು.

ವಿಜಯವಾಡದಲ್ಲಿ ಗವರ್ನರ್‌ಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿ ಮನೆ. ಮುಂದೆ ಆಟೋಗಳ ಗಲಾಟೆ, ಹಿಂದೆ ಅಂಗೈಯಗಲ ಹಿತ್ತಲು. ಆ ಊರಿನ ಬಿಸಿಲಿನ ಬಗ್ಗೆ ನಾನು ಹೇಳುವುದಿಲ್ಲ. ಟ್ಯಾಂಕಿನ ನೀರಿಗೆ ಟೀ ಪುಡಿ ಹಾಕಿದರೆ ಸಾಕಾಗುತ್ತಿತ್ತು. ಸಮುದ್ರದ ಗಾಳಿಯೂ ಇಲ್ಲ, ಸತ್ಯವತಿಗಾರೂ ಇಲ್ಲ. "ಈ ಬಾಡಿಗೆ ಮನೆಯಲ್ಲಿ ನಂದು ಅನ್ನೋದು ಏನೂ ಚಿಗುರಲ್ಲ ಬಿಡಿ" ಎಂದು ವಸುಧಾ ಒಂದು ದಿನ ತಣ್ಣಗೆ ಹೇಳಿದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಹಾಗೆ ತಣ್ಣಗೆ ಹೇಳಿದ್ದು ನನಗೆ ಹೆದರಿಕೆ ಹುಟ್ಟಿಸಿತು. ಇನ್ನು ಅವಳ ಮನಸ್ಸು ಇಲ್ಲಿ ನಿಲ್ಲಬೇಕಾದರೆ ಈ ಕುಂಡಗಳಲ್ಲಿ ಹೂ ಬಿಡಲೇಬೇಕು ಎಂದುಕೊಂಡೆ.

ಹೂ ಬಿಡಬೇಕಾದರೆ ಮೊದಲು ಒಳಗೆ ಗೆಡ್ಡೆ ಇರಬೇಕು. ಇದೆ ಎಂಬುದಕ್ಕೆ ಆಧಾರವೇನು? ಒಂದು ಭಾನುವಾರ ದೋಸೆ ಮಗುಚುವ ಕೈ ತೆಗೆದುಕೊಂಡು ಮೊದಲನೆಯ ಕುಂಡವನ್ನು ಅಗೆದೆ. ಗೆಡ್ಡೆ ಇತ್ತು, ದುಂಡಗೆ ಆರೋಗ್ಯವಾಗಿತ್ತು. ಸಂತೋಷಪಟ್ಟು ಎತ್ತಿ ಹಿಡಿದೆ. ಅದರ ಕುತ್ತಿಗೆ ಲಟಕ್ಕೆಂದು ಮುರಿಯಿತು. ಸತ್ಯವತಿಗಾರಿಗೆ ಫೋನ್ ಮಾಡಿ ಕೇಳಿದರೆ, ಚಿಗುರುವ ಕಣ್ಣು ಇರುವುದೇ ಆ ಕುತ್ತಿಗೆಯಲ್ಲಂತೆ; ಅದು ಮುರಿದ ಮೇಲೆ ಉಳಿದದ್ದು ಎಷ್ಟು ದಪ್ಪಗಿದ್ದರೂ ಚಿಗುರುವುದಿಲ್ಲವಂತೆ. "ತವ್ವಕಂಡಿ ಸಾರ್, ಪಡುಕೋನಿವ್ವಂಡಿ" ಎಂದರು. ಅಗೆಯಬೇಡಿ, ಮಲಗಲು ಬಿಡಿ ಎಂದು. ಮಲಗಿದವರನ್ನು ಎಬ್ಬಿಸಿ ನಿದ್ದೆ ಬಂತೇ ಎಂದು ಕೇಳುವ ಜಾತಿ ನನ್ನದು ಎಂದು ಪಾಪ ಆಕೆಗೆ ಗೊತ್ತಿರಲಿಲ್ಲ.

ಎರಡನೆಯದನ್ನು ಅಗೆಯಲಿಲ್ಲ. ಒಣಗಿ ಹೋಗುತ್ತದೇನೋ ಎಂಬ ಕನಿಕರದಿಂದ ದಿನಾ ನೀರು ಹಾಕಿದೆ. ಸ್ವಲ್ಪ ದಿನದಲ್ಲೇ ಹಿತ್ತಲಿನಿಂದ ಎಂಥದೋ ವಾಸನೆ ಬರತೊಡಗಿ, ಪಕ್ಕದ ಮನೆಯವರು ನಮ್ಮ ಚರಂಡಿ ಕಟ್ಟಿದೆಯೇ ಎಂದು ವಿಚಾರಿಸಿದರು. ಮೂರನೆಯದರ ವಿಷಯ ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ, ಮೇಲೆ ಏನೂ ಕಾಣುವುದಿಲ್ಲವಲ್ಲ ಎಂದು ಚಮಚದ ತುದಿಯಿಂದ ಒಂದೇ ಒಂದು ಸಲ ಕೆದಕಿದೆ. ಚಮಚದ ಜೊತೆ ಮೇಲೆ ಬಂದದ್ದು ಎಳೆಯ ಚಿಗುರು. ಒಂದು ದಿನ ತಡೆದಿದ್ದರೆ ತಾನಾಗಿಯೇ ಮೇಲೆ ಬಂದು ನಮಸ್ಕಾರ ಹೇಳುತ್ತಿತ್ತು. ಆ ಚಿಗುರನ್ನು ಮತ್ತೆ ನೆಟ್ಟು, ಕೋಲು ಕಟ್ಟಿ, ಮೇಲೆ ಲೋಟ ಬೋರಲು ಹಾಕಿ ನಾನು ಮಾಡಿದ ಶುಶ್ರೂಷೆಯನ್ನು ವಸುಧಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದರೆ, ನಾಲ್ಕನೆಯ ಕುಂಡದ ಮುಂದೆ ಅವಳು ಒಂದು ಮುಷ್ಟಿ ಮೆಂತ್ಯ ಹಿಡಿದು ಕೂತಿದ್ದಳು. ಕಾಳು ಉದುರಿಸಿ, ತೆಳ್ಳಗೆ ಮಣ್ಣು ಸವರಿ, "ಇದು ನನ್ನ ಸೊಪ್ಪಿನ ಕುಂಡ. ಇದಕ್ಕೆ ಕೈ ಹಾಕಿದರೆ ನೋಡಿ ಮತ್ತೆ" ಎಂದಳು. ಅವಳು ಡೇರೆಯ ಆಸೆ ಬಿಟ್ಟಳು, ಈ ಊರಿನ ಆಸೆಯನ್ನೂ ಬಿಟ್ಟಳು ಎಂದುಕೊಂಡೆ. ಮೂರು ಕುಂಡ ಕೆಡಿಸಿದವನಿಗೆ ನಾಲ್ಕನೆಯದರ ಬಗ್ಗೆ ಮಾತಾಡುವ ಬಾಯಿ ಎಲ್ಲಿರುತ್ತದೆ? ಮೆಂತ್ಯ ಒತ್ತಾಗಿ ಹುಟ್ಟಿತು. ಅವಳು ಸೊಪ್ಪನ್ನು ಕಿತ್ತು ತೆಗೆಯದೆ ಕತ್ತರಿಯಿಂದ ಮೇಲೆ ಮೇಲೆ ಕತ್ತರಿಸುತ್ತಿದ್ದಳು. ಬೇರು ಕಿತ್ತರೆ ಏನಾಗುತ್ತಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಮೆಂತ್ಯದ ಚಪಾತಿ, ಆ ಊರಿನ ತೊವ್ವೆಯಾದ ಮೆಂತ್ಯದ ಪಪ್ಪು, ಮೆಂತ್ಯದ ಬಾತು. ಪಶ್ಚಾತ್ತಾಪದಿಂದ ಎಲ್ಲವನ್ನೂ ತಿಂದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಮೆಂತ್ಯದ ನಡುವೆ ದಪ್ಪನೆಯ ದಂಟೊಂದು ತಲೆ ಎತ್ತಿತ್ತು. ಕಳೆಯೆಂದು ಕೀಳಲು ಹೋದೆ. "ರೀ!" ಎಂದು ವಸುಧಾ ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟಿರಬೇಕು. ಅದು ಡೇರೆ. ಆಮೇಲೆ ತಿಳಿಯಿತು: ಮೂರನೆಯ ಕುಂಡದ ಕಥೆ ಕೇಳಿ ಸತ್ಯವತಿಗಾರು ಅವಳಿಗೆ ಫೋನಿನಲ್ಲಿ ಹೇಳಿದ್ದರಂತೆ, ಮೇಲೆ ಏನಾದರೂ ಸೊಪ್ಪು ಬಿತ್ತಿಬಿಡಮ್ಮಾ, ನಿಮ್ಮ ಯಜಮಾನರ ಕೈ ಒಳಗೆ ಹೋಗದ ಹಾಗೆ ಎಂದು. ನನಗೆ ಅವಮಾನವಾಗಬೇಕಿತ್ತು. ಆದದ್ದು ಸಂತೋಷ. ಅವಳು ಆಸೆ ಬಿಟ್ಟಿರಲಿಲ್ಲ. ಅದನ್ನು ನನ್ನಿಂದ ಕಾಪಾಡಿಕೊಂಡಿದ್ದಳು, ಅಷ್ಟೆ.

ಮುಂದಿನದ್ದೆಲ್ಲ ಅವಳದೇ ಕಾರುಬಾರು. ಹಳೆಯ ಪರದೆಯ ಕೋಲು ನೆಟ್ಟು, ಸೀರೆಯ ಅಂಚಿನಿಂದ ಗಿಡ ಕಟ್ಟಿದಳು. ಪಕ್ಕದ ಮೊಗ್ಗುಗಳನ್ನು ಚಿವುಟಿ ನಡುವಿನ ಒಂದನ್ನು ಉಳಿಸಿದಳು. ನನಗೆ ಕುರ್ಚಿ ಹಾಕಿ ಕೂತು ನೋಡುವ ಅನುಮತಿ ಮಾತ್ರ ಇತ್ತು. ಸಂಕ್ರಾಂತಿಗೆ ಸರಿಯಾಗಿ ಹೂ ಅರಳಿತು. ಕುಂಕುಮದ ಬಣ್ಣ, ತಟ್ಟೆಯಷ್ಟಲ್ಲದಿದ್ದರೂ ಬಟ್ಟಲನ್ನು ಮೀರಿದ ಅಗಲ. ಹಬ್ಬದ ಸಂಜೆ ಅದನ್ನು ಇಡಿಯಾಗಿ ಜಡೆಗೆ ಸಿಕ್ಕಿಸಿಕೊಂಡು ನನ್ನ ಜೊತೆ ಗವರ್ನರ್‌ಪೇಟೆಗೆ ಹೊರಟಳು. ಸೀರೆ ಅಂಗಡಿಯ ಮೆಟ್ಟಿಲ ಮೇಲೆ ಹೆಂಗಸೊಬ್ಬರು ಹೂವನ್ನು ಮುಟ್ಟಿ ನೋಡಿ, "ಎಕ್ಕಡ ಕೊನ್ನಾರಂಡಿ?" ಎಂದರು, ಎಲ್ಲಿ ಕೊಂಡಿರಿ ಎಂದು. ವಸುಧಾ ಕತ್ತು ಕೊಂಕಿಸಿ, "ಕೊನಲೇದಂಡಿ, ಮಾ ಇಂಟ್ಲೋದೇ" ಎಂದಳು. ಕೊಂಡದ್ದಲ್ಲ, ನಮ್ಮ ಮನೆಯದೇ. ಬಂದು ಅಷ್ಟು ತಿಂಗಳಾದರೂ ಅವತ್ತಿನವರೆಗೆ ಅವಳ ಬಾಯಲ್ಲಿ ಅದು ಬರೀ ಬಾಡಿಗೆ ಮನೆಯಾಗಿತ್ತು. ಆ ಗದ್ದಲದಲ್ಲಿ ನಿಂತು ನಾನು ಕಣ್ಣು ಒರೆಸಿಕೊಂಡೆ. ಆಟೋದ ಹೊಗೆ ಎಂದು ಹೇಳಿದೆ.

ಈ ಬೇಸಿಗೆಯಲ್ಲಿ ವಿಶಾಖಪಟ್ಟಣದಿಂದ ನಮ್ಮ ಶಾಖೆಗೆ ವರ್ಗವಾಗಿ ಬಂದ ಸಹೋದ್ಯೋಗಿಯ ಲಾರಿಯಲ್ಲಿ ಒರಳುಕಲ್ಲೂ ಬಂತು. ಇನ್ನು ರುಬ್ಬಿದ ಚಟ್ನಿ ತಿನ್ನಬಹುದೆಂದು ನಾನು ಬಾಯಿ ಚಪ್ಪರಿಸಿದೆ. ವಸುಧಾ ಒಣಗಿದ ಡೇರೆಯ ಗೆಡ್ಡೆಗಳನ್ನು ತಾನೇ ಜೋಪಾನವಾಗಿ ತೆಗೆದು, ಮರಳು ತುಂಬಿದ ಸಿಮೆಂಟ್ ಕುಂಡದಲ್ಲಿ ಮಲಗಿಸಿದಳು. ಬಾಯಿಗೆ ಕಡಪ ಕಲ್ಲಿನ ಹಲಗೆ ಮುಚ್ಚಿ, ಲಾರಿಯವರಿಂದ ಒರಳನ್ನು ಎತ್ತಿಸಿ ಅದರ ಮೇಲೆ ಕೂರಿಸಿದಳು.

"ಇದನ್ನ ಇಳಿಸೋಕೆ ಇಬ್ಬರು ಬೇಕು. ಒಬ್ಬರು ನೀವು, ಇನ್ನೊಬ್ಬಳು ನಾನು. ನಿಮ್ಮ ಬ್ಯಾಂಕಿನ ಪದ್ಧತಿಯೇ" ಎಂದಳು.

ಚಟ್ನಿಯನ್ನು ಈಗ ನಿಂತುಕೊಂಡೇ ರುಬ್ಬುತ್ತಾಳೆ, ಎತ್ತರ ಅನುಕೂಲವಾಗಿದೆಯಂತೆ. ಒಳಗೆ ಗೆಡ್ಡೆಗಳು ಸುಖವಾಗಿ ನಿದ್ದೆ ಮಾಡುತ್ತಿವೆ ಎಂದು ಅವಳು ಹೇಳುತ್ತಾಳೆ, ನಾನು ನಂಬಿದ್ದೇನೆ. ಆದರೆ ಆ ಕಡಪ ಕಲ್ಲು ಒಂದು ಮೂಲೆಯಲ್ಲಿ ಸ್ವಲ್ಪ ಒಡೆದಿದೆ. ಅಲ್ಲಿ ಒಂದು ಬೆರಳು ಹೋಗುವಷ್ಟು ಸಂದಿಯಿದೆ. ನಾನು ಹಾಕಿಲ್ಲ. ಹೋಗುತ್ತದೆಯೇ ಎಂದು ಅಳತೆ ನೋಡಿದ್ದೇನೆ, ಅಷ್ಟೆ.