ಅತ್ತೆ ಕದ್ದ ದಿಂಬುಗಳು

ನಮ್ಮತ್ತೆ ಯಾರ ಮನೆಗಾದರೂ ಹೊರಟಳೆಂದರೆ, ಆ ಮನೆಯವರಿಗೆ ಮುಂಚಿತವಾಗಿ ಒಂದು ಫೋನ್ ಮಾಡುವುದು ನನ್ನ ಧರ್ಮವಾಗಿತ್ತು. "ಅತ್ತೆ ಬತ್ತಾವ್ಳೆ. ದಿಂಬು ಬಚ್ಚಿಡಿ!" ಚಿನ್ನ ಬೀದಿಯಲ್ಲಿ ಬಿದ್ದಿದ್ದರೂ ತಿರುಗಿ ನೋಡುವವಳಲ್ಲ. ಬೀರುವಿನ ಬೀಗದಕೈ ಅವಳ ಕೈಗೆ ಕೊಟ್ಟು ನೀವು ನಿಶ್ಚಿಂತೆಯಿಂದ ತಿರುಪತಿಗೆ ಹೋಗಿ ಬರಬಹುದು. ಆದರೆ ದಿಂಬು? ಉಹೂಂ! ನೀವು ಬರುವಷ್ಟರಲ್ಲಿ ಅದು ಮದ್ದೂರಿನ ನಮ್ಮ ಮನೆ ಸೇರಿರುತ್ತದೆ.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿದವಳು. ನಾಲ್ಕು ವರ್ಷದ ಹಿಂದೆ ಹೃದಯಾಘಾತವಾಗಿ, ಮಂಡ್ಯದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದಳು. ಬಂದವಳು ಸುಮ್ಮನಿರುತ್ತಾಳೆಯೇ? "ನನ್ನೆದೆ ಒಳ್ಗೆ ಸ್ಪ್ರಿಂಗ್ ಮಡಗವ್ರೆ ಕಣ್ರವ್ವಾ!" ಎಂದು ಬೀದಿಗೆಲ್ಲ ಸಾರಿದಳು. ಮಾತ್ರೆಗಳನ್ನು ಬಣ್ಣದಲ್ಲಿ ಗುರುತಿಟ್ಟುಕೊಂಡು ನುಂಗಿದಳು. ಅತ್ತೆ ಚೆನ್ನಾಗಿದ್ದಾಳೆ ಎಂದು ನಾವೆಲ್ಲ ನಂಬಿಬಿಟ್ಟೆವು. ನಂಬಿದರೆ ನಮಗೂ ಆರಾಮವಲ್ಲವೇ!

ನಾನು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಒಂದು ನಟ್ಟು ಕಡಿಮೆಯಾದರೂ ನನಗೆ ಊಟ ಸೇರುವುದಿಲ್ಲ. ಅಂಥವನ ಮನೆಯಲ್ಲೇ, ಹೋದ ಯುಗಾದಿ ಮುಗಿದ ವಾರ, ನೀಲಿ ಕವರಿನ ನನ್ನ ದಿಂಬು ನಾಪತ್ತೆ! ಹುಡುಕಿದರೆ ಅತ್ತೆಯ ಮಂಚದಲ್ಲಿ, ಅವಳ ದಿಂಬಿನ ಮೇಲೇರಿ ಕೂತಿದೆ.

"ಅತ್ತೆ, ನನ್ನ ದಿಂಬು ಯಾಕೆ ಕದ್ದೆ?"

"ಕದ್ಯದು ಅಂದ್ರೇನ್ಲಾ? ಆ ರೂಮಿಂದ ಈ ರೂಮಿಗ್ ಬಂದದೆ. ಮನೆ ಬುಟ್ಟು ಆಚೆ ಓಗದಾ?"

"ಎರಡು ದಿಂಬು ಯಾತಕ್ಕೆ?"

"ತಲೆ ಎತ್ರುದಲ್ಲಿದ್ರೆ ಒಳ್ಳೊಳ್ಳೆ ಕನ್ಸು ಬೀಳ್ತವೆ ಕಣ್ಲಾ."

ಆಷಾಢದಲ್ಲಿ ನನ್ನ ಹೆಂಡತಿಯ ದಿಂಬೂ ಹೋಯಿತು. ನಾನು ಬಿಡುವವನೇ? ಅತ್ತೆಯ ಮಂಚದ ಫೋಟೋ ತೆಗೆದು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೆಳಗೆ ನನ್ನ ಸ್ಟೋರಿನ ಭಾಷೆಯಲ್ಲೇ ಒಕ್ಕಣೆ: "ಹಿಂದಿನ ದಾಸ್ತಾನು ಎರಡು, ಆಮದು ಒಂದು, ಹಾಲಿ ಮೂರು." ಅಬ್ಬಬ್ಬಾ, ಕಣ್ಣಲ್ಲಿ ನೀರು ಬರುವಂತೆ ನಗುವ ಹಳದಿ ಮುಖಗಳು ಸಾಲುಸಾಲಾಗಿ ಬಂದು ಬಿದ್ದವು! ಜೀವಮಾನದಲ್ಲಿ ನನಗೆ ಅಷ್ಟು ಹೊಗಳಿಕೆ ಸಿಕ್ಕಿರಲಿಲ್ಲ. ಅವತ್ತಿನಿಂದ ತಿಂಗಳಿಗೊಂದು ಫೋಟೋ, ತಿಂಗಳಿಗೊಂದು ಒಕ್ಕಣೆ.

ದಸರೆಗೆಂದು ಮಳವಳ್ಳಿಯ ನನ್ನ ತಂಗಿಯ ಮನೆಗೆ ಹೋದವಳು, ಗಿಣಿಯ ಕಸೂತಿ ಹಾಕಿದ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡೇ ಬಂದಳು. ಕರೆತರಲು ಹೋಗಿದ್ದವನು ನಾನೇ. ಬಸ್ಸಿನಲ್ಲಿ ದಿಂಬಿಗೆ ಒಂದು ಸೀಟು ಹಿಡಿದು ಕೂತಿದ್ದಳು.

"ಅಜ್ಜಿ, ದಿಂಬ್ಗೂ ಟಿಕೆಟ್ ತಕ್ಕತೀರಾ?" ಎಂದು ಕಂಡಕ್ಟರು ಛೇಡಿಸಿದ.

"ಎಂಗಸ್ರಿಗೆ ಫ್ರೀ ತಾನೆ? ನಂಗೇ ಇಲ್ದಿದ್ ಟಿಕೇಟು ನನ್ ದಿಂಬ್ಗ್ಯಾಕ್ಲಾ?"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಕಿಟಕಿಯಾಚೆಯ ಕಬ್ಬಿನ ಗದ್ದೆಗಳನ್ನು ಜನ್ಮದಲ್ಲೇ ಕಂಡಿಲ್ಲದವನಂತೆ ನೋಡುತ್ತ ಕೂತೆ.

ರಾತ್ರಿ ದಿಂಬಿನ ಕಾಟವಾದರೆ ಹಗಲು ಜಗಳದ ಕಾಟ. ನಮ್ಮ ಮನೆಯಿಂದ ಮಾರ್ಕೆಟ್ಟಿಗೆ ಹತ್ತು ನಿಮಿಷದ ದಾರಿ. ಅತ್ತೆ ಹೊರಟರೆ ಮುಕ್ಕಾಲು ಗಂಟೆ! ಯಾಕೆ? ಲೈಟು ಕಂಬಕ್ಕೊಂದು ಜಗಳ. ಮೊದಲ ಕಂಬದ ಹತ್ತಿರ ಹೂವಿನವಳು: "ಇದು ಮೊಳವೇನವ್ವ? ಗೇಣಿಗಿಂತ ಒಸಿ ಉದ್ದ ಅದೆ ಅಷ್ಟೇಯ!" ಎರಡನೆಯ ಕಂಬದ ಹತ್ತಿರ ಟೆಂಪೋದವನು: "ಇದೇನ್ ನಿಮ್ಮಪ್ಪನ್ ರಸ್ತೆಯಾ? ಇಲ್ಲ್ಯಾಕ್ಲಾ ನಿಲ್ಸಿದ್ದೀಯ?" ತಮಾಷೆ ಏನೆಂದರೆ, ಜಗಳ ಹಚ್ಚಿಬಿಟ್ಟ ಮೇಲೆ ಅತ್ತೆ ಬಾಯಿ ಬಿಡುತ್ತಿರಲಿಲ್ಲ. ಎದುರಿನವರು ಗಂಟಲು ಹರಿದುಕೊಳ್ಳುತ್ತಿದ್ದರೆ ಇವಳು ಕಂಬ ಹಿಡಿದು ನಿಂತೇ ಇರುತ್ತಿದ್ದಳು. ತಾನೇ ಶುರು ಮಾಡಿದ ಜಗಳದಲ್ಲಿ ಸುಮ್ಮನಿರುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಒಂದು ದಿನ ನಮ್ಮ ಮ್ಯಾನೇಜರು ಬೈಕು ನಿಲ್ಲಿಸಿ, "ಯಾರ್ರೀ ಆಯಮ್ಮ?" ಎಂದು ಕೇಳಿದರು. ಅತ್ತೆ ಹತ್ತು ಹೆಜ್ಜೆ ದೂರದಲ್ಲಿ ಮೂರನೆಯ ಕಂಬ ಹಿಡಿದುಕೊಂಡಿದ್ದಳು. "ಗೊತ್ತಿಲ್ಲ ಸಾರ್, ಈ ಬೀದಿಯವರು ಅಂತ ಕಾಣುತ್ತೆ" ಎಂದೆ. ಹೌದು, ಹಾಗೇ ಅಂದೆ. ಇದನ್ನು ಬರೆಯಲೋ ಬೇಡವೋ ಎಂದು ತುಂಬ ಹೊತ್ತು ಯೋಚಿಸಿದೆ.

ಇನ್ನು ನನ್ನ ಹೆಂಡತಿಯ ತವರೂರು ಹೊಳಲಿನ ಕಥೆ. ನನ್ನ ಹೆಂಡತಿಯ ತಂಗಿಯ ನಿಶ್ಚಿತಾರ್ಥ. ಜಮಖಾನದ ಮೇಲೆ ಗಂಡಿನ ತಂದೆ, ಹೊಸ ಪೇಟ ಸುತ್ತಿಕೊಂಡು, ಒರಗುದಿಂಬಿಗೆ ಒರಗಿ ಗತ್ತಿನಿಂದ ಕೂತಿದ್ದರು. ತಾಂಬೂಲ ತೆಗೆದುಕೊಳ್ಳಲು ಮುಂದೆ ಬಾಗಿದರು. ತಟ್ಟೆಯನ್ನು ಎದೆಗೆ ಅವಚಿಕೊಂಡು ಹಿಂದಕ್ಕೆ ಒರಗಿದರು. ಹಿಂದೆ ಏನಿತ್ತು? ಏನೂ ಇರಲಿಲ್ಲ! ತೆಂಗಿನಕಾಯಿ ಒಂದು ಕಡೆ, ಪೇಟ ಒಂದು ಕಡೆ, ಬೀಗರ ಎರಡು ಕಾಲೂ ಸೂರಿನ ಕಡೆ! ಒರಗುದಿಂಬು ಎಲ್ಲಿ ಹೋಯಿತೆಂದು ಹುಡುಕಬೇಕಾದ ಅಗತ್ಯ ನನಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆ ರೇಷ್ಮೆ ಸೀರೆಯಲ್ಲೇ, ಅದನ್ನು ಬೆನ್ನಿಗೆ ಕೊಟ್ಟು, ಗೋಡೆಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಅಲುಗಾಡಿಸಿ ಎಬ್ಬಿಸಿದೆ. ಬಾಗಿಲಲ್ಲಿ ಎರಡೂ ಕಡೆಯ ನೆಂಟರು ಸೇರಿದ್ದರು.

"ಈ ವಯಸ್ಸಲ್ಲಿ ಇದೇನ್ ಚಟ ಅತ್ತೆ ನಿಂದು? ಮಾನ ಮರ್ಯಾದೆ ಇಲ್ವಾ? ನಿನ್ನ ಜೊತೆ ಎಲ್ಲಿಗ್ ಹೋದ್ರೂ ನಾನು ತಲೆ ತಗ್ಗಿಸ್ಬೇಕು!"

"ಏನ್ಲಾ ಅಂದೆ?" ಎಂದು ಮೇಲೆ ಬೀಳುತ್ತಾಳೆ ಅಂದುಕೊಂಡಿದ್ದೆ. ಬೀಳಲಿಲ್ಲ. ಒರಗುದಿಂಬನ್ನು ಸೆರಗಿನಿಂದ ಒರೆಸಿ, ತಾನೇ ಎತ್ತಿಕೊಂಡು ಹೋಗಿ, ಬೀಗರ ಬೆನ್ನ ಹಿಂದೆ ಇಟ್ಟು ಬಂದಳು.

ಮಾರನೆಯ ದಿನ ನನ್ನ ಮಂಚದ ಮೇಲೆ ನಾಲ್ಕು ದಿಂಬುಗಳು ಬಂದು ಕೂತಿದ್ದವು. ನನ್ನದು, ಹೆಂಡತಿಯದು, ಗಿಣಿಯದು, ಜೊತೆಗೆ ಅತ್ತೆಯ ಸ್ವಂತದ್ದು. ಕವರುಗಳನ್ನೆಲ್ಲ ಒಗೆದು ಮಡಿಸಿದ್ದಳು. ನಾನೋ, ಗೆದ್ದ ಸಂಭ್ರಮದಲ್ಲಿ ಗ್ರೂಪಿಗೆ ಬರೆದೆ: "ಹಾಲಿ ದಾಸ್ತಾನು ಸೊನ್ನೆ. ಕಳ್ಳಿ ಶರಣು!"

ಆಮೇಲೆ ದಿನಾ ಬೆಳಿಗ್ಗೆ ನಾನು ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. "ಈಗ್ ಎದ್ದೆ ಕಣ್ಲಾ" ಎನ್ನುತ್ತಿದ್ದಳು. ಜಗಳ ನಿಂತಿತ್ತು, ಮಾರ್ಕೆಟ್ಟಿಗೆ ಹೋಗುವುದೇ ನಿಂತಿತ್ತು. ಅತ್ತೆಗೆ ಬುದ್ಧಿ ಬಂತು ಎಂದು ನಾನು ಹಿಗ್ಗಿದೆ! ಒಂಬತ್ತನೆಯ ದಿನ ನನ್ನ ಹೆಂಡತಿ ಕರೆದು ಹೇಳಿದಳು: "ರೀ, ಅತ್ತೆ ಕಾಲು ನೋಡಿದ್ರಾ? ಊದ್ಕೊಂಡು ಚಪ್ಪಲಿನೇ ಹಿಡೀತಿಲ್ಲ. ಒಂದು ವಾರದಿಂದ ಅವರು ಮಂಚದ ಮೇಲೆ ಮಲಗೇ ಇಲ್ಲ."

ಮಂಡ್ಯಕ್ಕೆ ಕರೆದುಕೊಂಡು ಓಡಿದೆವು. ಡಾಕ್ಟರಮ್ಮ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಾಲಿನ ಊತ ಒತ್ತಿ ನೋಡಿ, ಮೊದಲು ಕೇಳಿದ ಪ್ರಶ್ನೆ:

"ಅಜ್ಜಿ, ಮಲಗೋವಾಗ ಎಷ್ಟು ದಿಂಬು ಇಟ್ಕೋತೀರಿ?"

ನನಗೆ ಒಂದು ಕ್ಷಣ ನಗು ಬಂತು. ಅತ್ತೆಯ ಕೀರ್ತಿ ಇಲ್ಲಿಯವರೆಗೂ ಬಂದುಬಿಟ್ಟಿತೇ!

"ಒಂದೂ ಇಲ್ಲ ಕಣವ್ವ, ಈಗ ಬುಟ್ಬುಟ್ಟಿವ್ನಿ" ಎಂದಳು ಅತ್ತೆ, ನನ್ನ ಕಡೆ ನೋಡದೆ.

ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು. ಹೃದಯ ಸೋತಾಗ ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತದಂತೆ. ಅದಕ್ಕೆ ತಲೆ ಎತ್ತರಿಸಿಕೊಳ್ಳುತ್ತಾರೆ. ಹೃದಯ ಸೋಲುತ್ತ ಹೋದ ಹಾಗೆಲ್ಲ ದಿಂಬು ಹೆಚ್ಚುತ್ತ ಹೋಗುತ್ತದೆ. ರಾತ್ರಿ ನಿದ್ದೆಯಿಲ್ಲ, ಹಗಲು ಕೂತಲ್ಲೇ ತೂಕಡಿಕೆ. "ನಡೆಯೋವಾಗ ಸುಸ್ತಾಗಿ ಅಲ್ಲಲ್ಲಿ ನಿಲ್ತಿದ್ರಾ?" ಎಂದರು. ನಮ್ಮ ಬೀದಿಯ ಲೈಟು ಕಂಬಗಳೆಲ್ಲ ಒಂದೊಂದಾಗಿ ನನ್ನ ಕಣ್ಣ ಮುಂದೆ ಬಂದು ನಿಂತವು. ಜಗಳವಾಡಲು ನಿಲ್ಲುತ್ತಿರಲಿಲ್ಲ ಅವಳು. ನಿಲ್ಲುವುದಕ್ಕಾಗಿ ಜಗಳವಾಡುತ್ತಿದ್ದಳು.

"ದಿಂಬು ಯಾವಾಗಿಂದ ಜಾಸ್ತಿ ಆಯ್ತು, ಏನಾದ್ರೂ ನೆನಪಿದೆಯಾ?"

ನೆನಪೇಕೆ, ನನ್ನ ಜೇಬಿನಲ್ಲೇ ಇತ್ತಲ್ಲ! ಫೋನು ತೆಗೆದು ಕೊಟ್ಟೆ. ಡಾಕ್ಟರಮ್ಮ ಒಕ್ಕಣೆಗಳನ್ನು ಓದುತ್ತ ಒಂದೊಂದೇ ಫೋಟೋ ಸರಿಸಿದರು. ಎರಡು, ಮೂರು, ನಾಲ್ಕು, ಸೊನ್ನೆ. ಪ್ರತಿಯೊಂದರ ಕೆಳಗೂ ಆ ಹಳದಿ ಮುಖಗಳು. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಅವರು ಫೋನು ವಾಪಸ್ಸು ಕೊಡುತ್ತ, "ಇಷ್ಟು ಸರಿಯಾಗಿ ಯಾರೂ ಹೇಳಲ್ಲ" ಎಂದರು, ಅಷ್ಟೇ.

ಅತ್ತೆ ಮುಖ ಅರಳಿಸಿದಳು. "ನನ್ ಮಗ ಕಣವ್ವ. ಪ್ಯಾಕ್ಟ್ರೀಲಿ ಸ್ಟೋರು ನೋಡ್ಕತಾನೆ. ಒಂದೂ ಲೆಕ್ಕ ತಪ್ಪಕಿಲ್ಲ."

ಅಡ್ಮಿಟ್ ಮಾಡಿಕೊಂಡರು. ಎರಡು ದಿನದಲ್ಲಿ ಕಾಲಿನ ನೀರು ಇಳಿಯತೊಡಗಿತು. ಮೂರನೆಯ ದಿನ ಮಧ್ಯಾಹ್ನ ನಾನು ಮದ್ದೂರಿನಿಂದ ನಾಲ್ಕೂ ದಿಂಬುಗಳನ್ನು ಹೊತ್ತು ಬಸ್ಸು ಹತ್ತಿದೆ. ಜನ ನೋಡಿದರು, ನೋಡಲಿ. ವಾರ್ಡಿಗೆ ಹೋದರೆ ನರ್ಸು ಮಂಚದ ಕೆಳಗಿನ ಹಿಡಿ ತಿರುಗಿಸುತ್ತಿದ್ದಳು. ಅತ್ತೆ ಮಲಗಿದ್ದಂತೆಯೇ ಮಂಚದ ತಲೆ ಭಾಗ ಮೇಲೆದ್ದಿತು.

"ನೋಡ್ಲಾ, ದಿಂಬೇ ಬೇಡ! ಈ ಮಂಚನೇ ಒತ್ಕಂಡೋಗವಾ?"

ನಗಲು ಹೋದೆ, ಆಗಲಿಲ್ಲ. ದಿಂಬುಗಳನ್ನು ತಬ್ಬಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತೆ. "ಉಸಿರು ಕಟ್ತದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

ಅವಳು ನಾನು ಕೂತಿದ್ದ ಕುರ್ಚಿಯ ಕಡೆ ಕೈ ತೋರಿಸಿದಳು. "ಯೋಳಿದ್ರೆ ಇಲ್ಲಿಗ್ ತಂದು ಮಲಗುಸ್ತಿದ್ದೆ. ಓದ್ಸಲ ಅನ್ನೊಂದ್ ದಿನ ಈ ಕುರ್ಚೀಲೇ ಕೂತು ನಿದ್ದೆ ಮಾಡ್ದೆ ನೀನು. ಕತ್ತು ಇಡ್ಕಂಡು ವರ್ಸೆಲ್ಲ ಒದ್ದಾಡ್ದಲ್ಲ. ಅದ್ನ ನಾನ್ ನೋಡಿಲ್ವಾ?"

ಹೇಳುತ್ತಲೇ ಕೈ ಚಾಚಿ, ನನ್ನ ತೋಳಿನಿಂದ ಒಂದು ದಿಂಬು ಎಳೆದಳು. ಹಳೆಯ ಚಟ, ಎಲ್ಲಿ ಹೋಗುತ್ತದೆ ಅಂದುಕೊಂಡೆ. ಅವಳು ಅದನ್ನು ಎರಡು ಸಲ ತಟ್ಟಿ ಉಬ್ಬಿಸಿ, ನನ್ನ ಕಡೆಗೇ ನೀಡಿದಳು.

"ತಕಾ, ಕತ್ಗೆ ಮಡಿಕ್ಕೊ."

ನೀಲಿ ಕವರಿನದು. ಅವಳು ಮೊಟ್ಟಮೊದಲು ಕದ್ದದ್ದು. ತೆಗೆದುಕೊಂಡೆ. ಕತ್ತಿಗೆ ಇಟ್ಟುಕೊಳ್ಳಲಿಲ್ಲ, ವಾರ್ಡಿನಲ್ಲಿ ಅಷ್ಟೊಂದು ಜನರ ಮುಂದೆ ಅದರಲ್ಲಿ ಮುಖ ಮುಚ್ಚಿಕೊಂಡೆ.